ಎಡರೆಕ್ಕೆ ಇಲ್ಲದ ಮೀನು

ಜಪಾನಿನ ಬಿವಾ ಸರೋವರದ ದಡದ ಮೀನುಗಾರಿಕೆ ಕೇಂದ್ರದಲ್ಲಿ ಮಿಚಿಹಿಕೊನದು ಹದಿನಾಲ್ಕು ವರ್ಷದ ನೌಕರಿ. ಏನು ಕೆಲಸ ಎಂದು ಕೇಳಿದರೆ ‘ಮೀನುಗಳ ಬಾಣಂತನ’ ಎನ್ನುತ್ತಿದ್ದ. ಮೇ ತಿಂಗಳ ಮಳೆಗೆ ಫುನಾ ಮೀನು ಕಾಲುವೆ ಹತ್ತಿ ಭತ್ತದ ಗದ್ದೆಗೆ ಬಂದು ಮೊಟ್ಟೆ ಇಡುತ್ತದೆ. ಇವನು ಬದುವಿನ ಮೇಲೆ ಕೊಡೆ ಹಿಡಿದು ಕೂತು ಅದನ್ನು ಬರೆದುಕೊಳ್ಳುತ್ತಾನೆ. ತನ್ನ ಇಬ್ಬರು ಮಕ್ಕಳು ಹುಟ್ಟಿದಾಗಲೂ ಅಲ್ಲೇ ಕೂತಿದ್ದ. ಹೆಂಡತಿ ಅದನ್ನಿನ್ನೂ ಮರೆತಿಲ್ಲ.

ಅವನಿಗೆ ಒಂದೇ ಹಟ. ಗದ್ದೆಯಲ್ಲಿ ಹುಟ್ಟಿದ ಮೀನು ದೊಡ್ಡದಾದ ಮೇಲೆ ಅದೇ ಗದ್ದೆಗೆ ಮರಳುತ್ತದೆಂದು ತೋರಿಸಬೇಕು. ಅದಕ್ಕೇ ಮೂರು ವರ್ಷದ ಹಿಂದೆ ನೊಬುಯೆ ಅಜ್ಜಿಯ ಗದ್ದೆಯಿಂದ ಸರೋವರಕ್ಕೆ ಹೊರಟ ಎಂಟುನೂರು ಮರಿಗಳನ್ನು ಹಿಡಿದು, ಗುರುತಿಗೆಂದು ಹೊಟ್ಟೆಯ ಎಡರೆಕ್ಕೆ ಕತ್ತರಿಸಿ ಬಿಟ್ಟಿದ್ದ. ಜೊತೆಗೆ ತನ್ನ ಹೆಬ್ಬೆರಳನ್ನೂ ಎರಡು ಸಲ ಕತ್ತರಿಸಿಕೊಂಡಿದ್ದ. ಈ ವರ್ಷವೂ ಒಂದೂ ಬಾರದಿದ್ದರೆ ಅಧ್ಯಯನಕ್ಕೆ ಬೀಗ ಎಂದು ಮೇಲಧಿಕಾರಿ ಹೇಳಿಬಿಟ್ಟರು.

“ಅಜ್ಜಿ, ಎಡರೆಕ್ಕೆ ಇಲ್ದಿರೋ ಮೀನು ಕಂಡ್ರೆ ನಂಗೇಂತ ಎತ್ತಿಡಿ.”

“ಆಗ್ಲಿ ಮೇಷ್ಟ್ರೇ.” ಓದಿದವರೆಲ್ಲ ಅಜ್ಜಿಗೆ ಮೇಷ್ಟ್ರೇ.

ಮೇ ತಿಂಗಳಲ್ಲಿ ಹದಿನೆಂಟು ದಿನ ಕಾಲುವೆಯ ಬಾಯಲ್ಲಿ ಕೂತ. ಮಧ್ಯಾಹ್ನದ ಊಟಕ್ಕೆ ಮಾತ್ರ ಕಾರಿಗೆ ಹೋಗುತ್ತಿದ್ದ. ಬಂದ ಮೀನುಗಳಿಗೆಲ್ಲ ಎರಡೂ ರೆಕ್ಕೆ ನೆಟ್ಟಗಿದ್ದವು. ‘ಒಂದೂ ಮರಳಲಿಲ್ಲ’ ಎಂದು ವರದಿ ಬರೆದು ತಾನೇ ಮುದ್ರೆ ಒತ್ತಿದ. ಮುಂದಿನ ಏಪ್ರಿಲ್‌ನಿಂದ ತನಗೆ ಗಾಳ ಹಾಕುವವರಿಗೆ ಪರವಾನಗಿ ಬರೆದುಕೊಡುವ ಕೆಲಸವೆಂದು ಗೊತ್ತಾಯಿತು.

ಹೊಸವರ್ಷದ ಮೂರನೇ ದಿನ ಶುಭಾಶಯ ಹೇಳಲು ಅಜ್ಜಿಯ ಮನೆಗೆ ಹೋದ. ಮೊಟ್ಟೆ ತುಂಬಿದ ಫುನಾವನ್ನು ಉಪ್ಪಲ್ಲಿಟ್ಟು, ಆಮೇಲೆ ಅನ್ನದೊಡನೆ ಪೀಪಾಯಿಯಲ್ಲಿ ಒತ್ತಿ ತಿಂಗಳುಗಟ್ಟಲೆ ಹುಳಿಬರಿಸಿದ್ದನ್ನು ಅಜ್ಜಿ ಹೋಳು ಮಾಡಿ ಮುಂದಿಟ್ಟಳು. ಮೂರು ಹೋಳು ಬಾಯಿ ಚಪ್ಪರಿಸಿ ತಿಂದ. ನಾಲ್ಕನೆಯದನ್ನು ಎತ್ತಿದರೆ, ಬಲಗಡೆ ರೆಕ್ಕೆ ಇದೆ, ಎಡಗಡೆ ಇಲ್ಲ.

“ಅಜ್ಜಿ, ಇದು...”

“ನಿಮ್ದೇ! ಎತ್ತಿಡಿ ಅಂದಿದ್ರಲ್ಲ? ಏಳು ಬಂದಿದ್ವು. ಬೇರೆ ಪೀಪಾಯೀಲೇ ಹಾಕಿಟ್ಟೆ.”

“ಏಳಾ? ಯಾವಾಗ?”

“ನೀವು ಉಂಡು ಕಾರಲ್ಲಿ ಗೊರಕೆ ಹೊಡೀವಾಗ. ಎಬ್ಬಿಸೋಕೆ ಪಾಪ ಅನ್ನಿಸ್ತು.”

“ಒಂದ್ಮಾತು ಹೇಳ್ಬಾರ್ದಾಗಿತ್ತಾ?”

“ಹುಳಿ ಬರೋಕ್ಮುಂಚೆ ಹೇಳಿ ಏನ್ ಪ್ರಯೋಜನ?”

ಪೀಪಾಯಿಯ ಮುಚ್ಚಳದ ಮೇಲೆ ಅಜ್ಜಿಯ ಅಕ್ಷರ: ‘ಮೇ ಇಪ್ಪತ್ತೊಂದು. ನಮ್ಮ ಗದ್ದೆ. ಏಳು. ಮೇಷ್ಟ್ರದು.’ ಹದಿನಾಲ್ಕು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಅವನು ಒಂದು ಸಾಲೂ ಬರೆದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಎದ್ದು ಕುಣಿಯುವಷ್ಟು ಖುಷಿಯಾಯಿತು.

ಮರುದಿನ ಕಚೇರಿ ತೆರೆಯುತ್ತಲೇ ಪೀಪಾಯಿಯನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟ. ಅವರು ಮೂಗು ಮುಚ್ಚಿಕೊಂಡರು.

“ಏನ್ರೀ ಇದು?”

“ವರದಿಗೆ ತಿದ್ದುಪಡಿ, ಸಾರ್.”

ಅವರು ಮುಚ್ಚಳ ಓದಿದರು, ಒಳಗಿನ ಮೀನನ್ನು ಎಣಿಸಿದರು. “ಆರೇ ಇದಾವಲ್ಲ?”

“ಒಂದನ್ನ ನಾನು ತಿಂದೆ, ಸಾರ್.”

ಅವರು ಪೀಪಾಯಿಗೆ ಮುಚ್ಚಳ ಹಾಕಿದರು. ಕೊನೆಗೆ ಹೇಳಿದರು: “ಇನ್ನೊಂದು ವರ್ಷ ನಡೀಲಿ. ಆದ್ರೆ ಈ ಸಲ ಕಾಲುವೇ ಹತ್ರ ಅಜ್ಜಿ ಕೂರ್ಲಿ. ನೀವು ಅವ್ರಿಗೆ ಊಟ ತಂದ್ಕೊಡಿ.”