ಫೋಟೊ ಹೊಡೆಯುವ ವೈನಿ
ಹಳಿಯಾಳದ ಕಡೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರ್ ಯಾವುದೇ ಇರಲಿ, ಅದರಲ್ಲಿ ಬಾಳೇಶನ ಹಾಡು ಇರಲೇಬೇಕು; ಆ ಬಾಳೇಶನನ್ನು ಮೆಚ್ಚಿ ಮದುವೆಯಾದವಳು ಸಾಂಬ್ರಾಣಿಯ ಅನ್ನಪೂರ್ಣಾ. ಮೆಚ್ಚಿದ ಕಥೆ ಊರಿಗೆಲ್ಲ ಗೊತ್ತು, ಅದು ಹಾಡೂ ಆಗಿದೆ. ಆಮೇಲಿನ ಒಂಬತ್ತು ವರ್ಷದ್ದನ್ನು ಯಾರೂ ಕೇಳಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಷ್ಟರಲ್ಲಿ ಜನ ಗಂಡನನ್ನು ಮುತ್ತುತ್ತಾರೆ, ಚೀಲ ಅವಳ ಕೈಗೆ ಬರುತ್ತದೆ, ಹಿಂದೆಯೇ ಯಾರದೋ ಮೊಬೈಲು. ಅವನು ಎಲ್ಲರಿಗೂ ಅಣ್ಣನಾದ್ದರಿಂದ ಅವಳು ಎಲ್ಲರಿಗೂ ಅತ್ತಿಗೆ. "ವೈನಿ, ಒಂದ ಫೋಟೊ ಹೊಡೀರಿ." ಬಿಸಿಲು ಬೆನ್ನಿಗೆ ಬರುವಂತೆ ನಿಂತು, ಗಿಡ್ಡರನ್ನು ಮುಂದೆ ಕರೆದು, ಕಣ್ಣು ಮುಚ್ಚಿದವರಿಗೆ ಬೈದು ಇನ್ನೊಂದು ಹೊಡೆದು ಕೊಡುತ್ತಾಳೆ. ಅವಳೂ ಇರುವ ಫೋಟೊ ಎಂದರೆ ಮನೆಯಲ್ಲಿರುವ ಮದುವೆಯದೊಂದೇ. ಸುತ್ತಲಿನವರು "ಬಾಳೇಶಣ್ಣಾ, ಈ ಕಡೆ" ಎಂದು ಗಂಟಲು ಹರಿದುಕೊಳ್ಳುತ್ತಾರೆ. ಗಂಡನ ಹೆಸರನ್ನು ಮದುವೆಯ ದಿನ ಒಡಪು ಹಾಕಿ ಒಮ್ಮೆ ಹೇಳಿದವಳು ಮತ್ತೆ ಹೇಳಿಲ್ಲ. ಮೆಲ್ಲಗೆ "ಇಲ್ಲಿ ನೋಡ್ರಿ" ಎನ್ನುತ್ತಾಳೆ, ಅಷ್ಟೆ. ಮೊನ್ನೆ ಮಳಗಿಯ ಚಹಾದಂಗಡಿಯಲ್ಲಿ ಬಾಳೇಶನೂ ಅಂಗಡಿಯವನೂ ನಿಂತ, ಅವಳೇ ಹೊಡೆದ ಒಂದು ಫೋಟೊ ಫ್ರೇಮ್ ಹಾಕಿಸಿಕೊಂಡು ಗೋಡೆಯ ಮೇಲಿತ್ತು. "ಟೀವಿದಾಗ ಸುದ್ಧಾ ಹಿಂಗ ನಕ್ಕಿಲ್ರಿ ವೈನಿ, ನನ್ನ ಜೋಡಿ ಹೆಂಗ ನಕ್ಕಾರ ನೋಡ್ರಿ" ಎಂದ ಅಂಗಡಿಯವ. ಅವಳು ನೋಡಿದಳು. ಬಾಳೇಶನ ಕಣ್ಣು ಅಂಗಡಿಯವನ ಕಡೆಗಿರಲಿಲ್ಲ. ಮೊಬೈಲಿಗಿಂತ ಚೂರು ಮೇಲೆ, ಅದನ್ನು ಹಿಡಿದವಳ ಮುಖದಲ್ಲಿ ನೆಟ್ಟಿತ್ತು. "ಹೌದ್ರಿ, ಛಲೋ ನಕ್ಕಾರ" ಎಂದು ಸೆರಗಿನಿಂದ ಆ ಗಾಜಿನ ಧೂಳು ಒರೆಸಿದಳು.