ಎಣ್ಣೆ ಕೈಯ ಏಳು ರೆಕ್ಕೆ

ಜೋರಾಗಿ ಓಡುವ ಕಾರನ್ನು ಗಾಳಿ ನೆಲದಿಂದ ಮೇಲಕ್ಕೆ ಎತ್ತಲು ನೋಡುತ್ತದೆ. ಸ್ಟೀರಿಂಗ್ ಹಿಡಿದ ಪ್ರತಿಯೊಬ್ಬನಿಗೂ ಇದು ಗೊತ್ತಿರಬೇಕು. ಗೊತ್ತಿಲ್ಲದವರೇ ಹೆಚ್ಚು. ತಾಂಡವಪುರದಲ್ಲಿ, ಮೈಸೂರು ರಸ್ತೆಯಿಂದ ಕೊಂಚ ಒಳಕ್ಕಿರುವ ತಗಡಿನ ಶೆಡ್ಡೊಂದರಲ್ಲಿ ಕೂಲಿ ಮಾಡುತ್ತಿದ್ದ ಮಂಚಮ್ಮನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಸ್ವಂತಕ್ಕೆ ಒಂದು ಸೈಕಲ್ಲೂ ಇಲ್ಲದ ಹೆಂಗಸು ಅವಳು.

ಆ ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ಕಾರಿನ ರೆಕ್ಕೆ. ರಜಾದಿನ ರೇಸ್ ಟ್ರ್ಯಾಕಿಗೆ ಹೋಗಿ ತಮ್ಮ ಸ್ಪೋರ್ಟ್ಸ್ ಕಾರನ್ನು ಮನಸಾರೆ ಓಡಿಸಿ ಬರುವ ಉಳ್ಳವರಿದ್ದಾರಲ್ಲ, ಅವರು ಕಾರು ಕೊಂಡ ಮೇಲೆ ಡಿಕ್ಕಿಯ ಮೇಲೆ ಹಾಕಿಸಿಕೊಳ್ಳುವ ವಸ್ತು. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದ ಹಾಗಿರುತ್ತದೆ; ವಿಮಾನದ್ದು ಎತ್ತಿದರೆ ಇದು ಅದುಮುತ್ತದೆ. ಸುಮ್ಮನೆ ನಿಂತಿರುವ ರೆಕ್ಕೆಯೂ ಅಲ್ಲ. ನೇರ ದಾರಿಯಲ್ಲಿ ಕಾರು ನುಗ್ಗುವಾಗ ಚಪ್ಪಟೆಯಾಗಿ ಮಲಗಿರುತ್ತದೆ, ಗಾಳಿಗೆ ಅಡ್ಡ ಬರುವುದಿಲ್ಲ. ಬ್ರೇಕ್ ಒತ್ತಿದ ಕ್ಷಣ ಕೆಳಗಿನ ಎರಡು ಪುಟ್ಟ ಮೋಟಾರುಗಳು ಅದು ಸೆಟೆದು ನಿಲ್ಲುವಂತೆ ಮಾಡುತ್ತವೆ. ಆಗ ಅದು ಗಾಳಿಗೆ ಎದೆಕೊಟ್ಟು ಕಾರಿನ ಹಿಂಭಾಗವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಆ ಹೊತ್ತಿನಲ್ಲೇ ಕಿತ್ತು ಹೋಯಿತೋ, ಹಿಂದಿನ ಚಕ್ರಗಳಿಗೆ ಹಿಡಿತ ತಪ್ಪುತ್ತದೆ. ಒಳಗಿದ್ದವನ ಗತಿ ದೇವರಿಗೇ ಬಿಟ್ಟದ್ದು.

ಮಂಚಮ್ಮ ಹುಟ್ಟಿದ್ದು ಸೋಸಲೆಯಲ್ಲಿ. ಹದಿನೆಂಟು ವರ್ಷ ಟಿ. ನರಸೀಪುರದ ರೇಷ್ಮೆ ಫಿಲೇಚರೊಂದರಲ್ಲಿ ನೂಲು ತೆಗೆದಳು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಸಿಗದ ಎಳೆಯನ್ನು ಬೆರಳ ತುದಿಯಲ್ಲೇ ಹುಡುಕಿ ಎಬ್ಬಿಸುವ ಕೆಲಸ. ಫಿಲೇಚರು ಮುಚ್ಚಿತು. ಯಾಕೆ ಮುಚ್ಚಿತು ಎಂದು ಯಾರೂ ಹೇಳಲಿಲ್ಲ. ಕೂಲಿಯವರಿಗೆ ಕಾರಣ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಆಮೇಲೆ ನಂಜನಗೂಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ನಾಗೇಂದ್ರನ ಶೆಡ್ಡಿಗೆ ಕಸ ಗುಡಿಸಲು ಸೇರಿದಳು. ನಾಗೇಂದ್ರ ಡಿಪ್ಲೊಮಾ ಓದಿದವನು. ಮೊದಲು ಫೈಬರ್ ಕುರ್ಚಿ ಮಾಡುತ್ತಿದ್ದು ನಂತರ ರೆಕ್ಕೆಗೆ ಇಳಿದವನು. ಕೆಟ್ಟವನಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದ. ಕೆಟ್ಟವರಲ್ಲದವರಿಂದಲೂ ಎಷ್ಟೆಲ್ಲ ಕೆಡಬಹುದು ಎಂಬುದು ಮುಂದೆ ಗೊತ್ತಾಗುತ್ತದೆ.

ಒಂದು ದಿನ ರೆಕ್ಕೆಯ ಅಚ್ಚಿಗೆ ಕಾರ್ಬನ್ ನಾರಿನ ಬಟ್ಟೆ ಹಾಸುವವನು ರಜೆ ಹಾಕಿದ್ದ. ಅಂಟು ಕಲಸಿ ಆಗಿತ್ತು. ಅದು ಗಟ್ಟಿಯಾಗುವುದರೊಳಗೆ ಬಟ್ಟೆ ಹಾಸದಿದ್ದರೆ ಎಲ್ಲ ಹಾಳು. ಮಂಚಮ್ಮ ಪೊರಕೆ ಮೂಲೆಗಿಟ್ಟು ಕೈ ತೊಳೆದು ಬಂದು ಹಾಸಿದಳು. ಎಲ್ಲೂ ಒಂದು ಸುಕ್ಕಿಲ್ಲ. ನಾಗೇಂದ್ರ ಅಂಗೈಯಲ್ಲಿ ಸವರಿ ನೋಡಿದ.

“ಎಲ್ಲಿ ಕಲಿತ್ರಿ ಮಂಚಮ್ಮ?”

“ಕಲಿಯಾದೇನ್ ಸಾ ಇದ್ರಲ್ಲಿ. ಎಳೆ ಎತ್ತಗ್ ಓಗ್ಬೇಕು ಅಂತ ಅದೇ ಯೋಳ್ತದೆ.”

ಅಂದಿನಿಂದ ಪೊರಕೆ ಬೇರೆಯವರ ಕೈಗೆ ಹೋಯಿತು. ಆಮೇಲೆ ಆ ಶೆಡ್ಡಿನಿಂದ ಹೊರಟ ರೆಕ್ಕೆಗಳಲ್ಲಿ ಬಹುಪಾಲು ಅವಳು ಹಾಸಿದವು. ಅಚ್ಚಿಗೆ ಮೇಣ ಸವರುವುದು, ಕಪ್ಪು ಬಟ್ಟೆ ಹಾಸುವುದು, ಅಂಟು ಕುಡಿಸುವುದು, ಅದರ ಮೇಲೆ ಇನ್ನೊಂದು ಪದರ. ಮೋಟಾರಿನ ತೋಳು ರೆಕ್ಕೆಗೆ ಸೇರುವ ಕಡೆ ಮಾತ್ರ ಹತ್ತು ಪದರ. ಆ ಸಂದಿಗೆ ರೋಲರ್ ಹೋಗುವುದಿಲ್ಲ. ಬೆರಳಿನಲ್ಲೇ ಒತ್ತಿ ಒತ್ತಿ ಗಾಳಿ ಹೊರಡಿಸಬೇಕು. ರೆಕ್ಕೆಯ ಜೀವ ಇರುವುದೇ ಆ ಅಂಗೈ ಅಗಲದ ಜಾಗದಲ್ಲಿ.

ಆ ಅಂಟು ಬರಿಗೈಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ನಾಲ್ಕು ದಿನ ಹತ್ತುತ್ತಲೇ ಇದ್ದರೆ ಚರ್ಮ ಕೆಂಪಗೆ ಎದ್ದು ಗುಳ್ಳೆ ಬರುತ್ತದೆ. ಅದಕ್ಕೇ ನೀಲಿ ಗ್ಲೌಸು. ಕಳೆದ ಕಾರ್ತೀಕದಲ್ಲಿ ಗ್ಲೌಸಿನ ಡಬ್ಬ ಖಾಲಿಯಾಯಿತು. ಆರ್ಡರು ಮೇಲೆ ಆರ್ಡರು ಬಂದಿದ್ದ ಹೊತ್ತು. “ತರಿಸ್ತೀನಿ, ಎರಡು ದಿನ ಅಡ್ಜಸ್ಟ್ ಮಾಡ್ಕಳಿ” ಎಂದ ನಾಗೇಂದ್ರ. ರೆಕ್ಕೆಗೆ ಬೇಕಾದ ಬಟ್ಟೆ ಬಂತು, ಅಂಟು ಬಂತು, ಮೋಟಾರು ಬಂತು. ಕೈಗೆ ಬೇಕಾದದ್ದು ಬರಲಿಲ್ಲ. ಎರಡು ದಿನ ಒಂಬತ್ತಾಯಿತು.

ಮಂಚಮ್ಮನ ಜೊತೆ ಬಟ್ಟೆ ಹಾಸುತ್ತಿದ್ದವಳು ರಾಣಿ, ತಲಕಾಡಿನ ಕಡೆಯ ಹುಡುಗಿ, ಮದುವೆಯಾಗಿ ನಂಜನಗೂಡಿಗೆ ಬಂದವಳು. ಗ್ಲೌಸು ಮುಗಿದ ಮೂರನೇ ದಿನ ಊಟಕ್ಕೆ ಕೂತಾಗ ರಾಣಿಯ ಕೈಯಲ್ಲಿ ಚಮಚ.

“ಇದೇನ್ ಕೂಸೆ, ಸಾವ್ಕಾರ್ರಂಗೆ ಚಮಚ ಇಡ್ಕಂಡಿದ್ದೀಯೆ?”

“ಬೆಳ್ಳು ಉರೀತದೆ ಕಣಕ್ಕ. ಸಾರು ಮುಟ್ಟಂಗಿಲ್ಲ.”

ಮಂಚಮ್ಮ ಆ ಕೈಯನ್ನು ಎಳೆದು ನೋಡಿದಳು. ಬೆರಳ ತುದಿಗಳಲ್ಲಿ ಚರ್ಮ ಸುಲಿದಿತ್ತು.

“ಅಲಸಿನಣ್ಣು ಬುಡ್ಸೋವಾಗ ಏನ್ ಮಾಡ್ತೀಯೆ?”

“ಕೈಗೆ ಎಣ್ಣೆ ಬಳ್ಕತೀನಿ.”

“ಇದ್ಕೂ ಬಳ್ಕ. ಅಲಸಿಂದೂ ಅಂಟು, ಇದೂ ಅಂಟೇಯ.”

ಮರುದಿನ ಮಂಚಮ್ಮ ಕೊಬ್ಬರಿ ಎಣ್ಣೆಯ ಸೀಸೆ ತಂದಳು. ಇಬ್ಬರೂ ಮೊಣಕೈವರೆಗೆ ಸವರಿಕೊಂಡರು. ಸಂಜೆ ಒಂದು ಬಟ್ಟೆಚೂರಿನಲ್ಲಿ ಒರೆಸಿದರೆ ಅಂಟು ಹಾಗೇ ಉದುರಿತು. “ಡಿಪ್ಲೊಮಾ ಓದಿದ್ರೆ ಇದ್ ತಿಳೀತಿತ್ತಾ ಅಕ್ಕ?” ಎಂದು ರಾಣಿ ನಕ್ಕಳು. ಡಿಪ್ಲೊಮಾ ಓದಿದವನು ಮೇಜಿನ ಮೇಲಿದ್ದ ಎಣ್ಣೆ ಸೀಸೆಯನ್ನು ದಿನಾ ನೋಡಿದ. ಕೇಳಲಿಲ್ಲ. ಕೇಳಿದ್ದರೆ ಗ್ಲೌಸಿನ ಮಾತು ಬರುತ್ತಿತ್ತು.

ಎಣ್ಣೆ ಹಚ್ಚಿಕೊಂಡ ದಿನಗಳಲ್ಲಿ ಏಳು ರೆಕ್ಕೆ ಮುಗಿದವು. ಎಂದಿನಂತೆ ಒಂದೊಂದರ ಮೇಲೂ ಅಕ್ಕಿ ಮೂಟೆ ಪೇರಿಸಿ ಪರೀಕ್ಷೆ ಮಾಡಿದರು. ಏಳೂ ತಡೆದವು. ಹತ್ತನೇ ದಿನ ಗ್ಲೌಸು ಬಂತು, ಸೀಸೆ ಮನೆಗೆ ಹೋಯಿತು, ಎಲ್ಲರೂ ಮರೆತರು.

ನಾಲ್ಕು ತಿಂಗಳ ಮೇಲೆ, ಒಂದು ಗುರುವಾರ, ಮೈಸೂರಿನ ಹಲ್ಲಿನ ಡಾಕ್ಟರು ಚಂದ್ರಶೇಖರ್ ಶೆಡ್ಡಿಗೆ ಬಂದರು. ಕುತ್ತಿಗೆಗೆ ಪಟ್ಟಿ. ಕೈಯಲ್ಲಿ ಅರ್ಧ ರೆಕ್ಕೆ. ಹಿಂದಿನ ಭಾನುವಾರ ಚೆನ್ನೈ ಕಡೆಯ ಟ್ರ್ಯಾಕಿನಲ್ಲಿ ಇನ್ನೂರರ ಹತ್ತಿರ ಓಡುತ್ತಿದ್ದಾಗ ಬ್ರೇಕ್ ಒತ್ತಿದ್ದಾರೆ. ರೆಕ್ಕೆ ಎದ್ದಿದೆ, ಈಗ ಕೈಯಲ್ಲಿದ್ದ ಎಡಭಾಗ ಕಿತ್ತು ಹಾರಿದೆ. ಕಾರು ಮೂರು ಸುತ್ತು ತಿರುಗಿ ಹುಲ್ಲಿನಲ್ಲಿ ನಿಂತಿದೆ. ಹಿಂದಿನ ಕಾರು ಒಂದು ಮಾರು ದೂರದಲ್ಲಿ ತಪ್ಪಿಸಿಕೊಂಡಿದೆ.

“ಮೋಟಾರ್ ಪ್ರಾಬ್ಲಮ್ ಸರ್” ಎಂದ ನಾಗೇಂದ್ರ, ತುಂಡನ್ನು ತಿರುಗಿಸಿಯೂ ನೋಡದೆ. “ಎಡದ್ದು ಬೇಗ ಎದ್ದಿದೆ, ಬಲದ್ದು ತಡವಾಗಿ. ತಿರುಚಿಕೊಂಡು ಮುರಿದಿದೆ. ಸಪ್ಲೈಯರ್‌ಗೆ ಬರೀತೀನಿ.”

ಡಾಕ್ಟರು ನಂಬಿದರು. “ಬರೋ ಭಾನುವಾರ ನಮ್ಮ ಫ್ರೆಂಡ್ಸ್ ಇಬ್ಬರು ಓಡಿಸ್ತಾರೆ. ಅವರದೂ ನಿಮ್ಮ ವಿಂಗೇ. ಮೋಟಾರ್ ಚೆಕ್ ಮಾಡಿಸ್ಕೊಳ್ಳೋಕೆ ಹೇಳ್ತೀನಿ” ಎಂದು ಹೊರಟರು.

ಮೇಜಿನ ಮೇಲೆ ಉಳಿದ ತುಂಡನ್ನು ಮಂಚಮ್ಮ ಕೈಗೆತ್ತಿಕೊಂಡಳು. ಮುರಿದ ಕಾರ್ಬನ್ನು ಮುಳ್ಳುಮುಳ್ಳಾಗಿ ಸೀಳಬೇಕು. ಇಲ್ಲಿ ಸೀಳೇ ಇರಲಿಲ್ಲ. ತೋಳು ಸೇರುವ ಜಾಗದಲ್ಲಿ ಪದರ ಪದರವೇ ಬಾಳೆದಿಂಡಿನ ಸಿಪ್ಪೆಯ ಹಾಗೆ ನುಣ್ಣಗೆ ಬಿಟ್ಟಿತ್ತು. ಉಗುರು ಹಾಕಿದಳು, ಇನ್ನೊಂದು ಪದರ ಸದ್ದಿಲ್ಲದೆ ಎದ್ದು ಬಂತು. ಅದರ ಒಳಮೈಯಲ್ಲಿ ಹೊಳೆಯುವ ನಾಲ್ಕು ಗುರುತು, ಪಕ್ಕಪಕ್ಕದಲ್ಲಿ, ಒಂದು ಉದ್ದ, ಒಂದು ಗಿಡ್ಡ. ತನ್ನ ಬಲಗೈ ಬೆರಳುಗಳನ್ನು ಮೇಲಿಟ್ಟು ನೋಡಿದಳು. ಸರಿಯಾಗಿ ಕೂತವು.

ಹಲಸಿನ ಅಂಟು ಕೈಗೆ ಹತ್ತಬಾರದೆಂದು ಎಣ್ಣೆ. ಎಣ್ಣೆಯಿದ್ದಲ್ಲಿ ಅಂಟು ಹತ್ತುವುದಿಲ್ಲ. ಕೈಗೆ ಹತ್ತದ ಅಂಟು, ಅದೇ ಕೈ ಒತ್ತಿದ ಬಟ್ಟೆಗೆ ಹೇಗೆ ಹತ್ತೀತು? ಮೂಟೆ ಹೊತ್ತು ನಿಂತದ್ದು ಒಂದು ಗಳಿಗೆಯ ಮಾತು. ಸಾವಿರ ಸಲ ಎದ್ದು, ಸಾವಿರ ಸಲ ಮಲಗಿ, ಒಳಗೊಳಗೇ ಬಿಡುತ್ತ ಬಂದಿತ್ತು. ಇನ್ನೂ ಆರು ರೆಕ್ಕೆ ಎಲ್ಲೆಲ್ಲೋ ಯಾರ್‍ಯಾರದೋ ಬೆನ್ನ ಹಿಂದೆ ಹಾಗೇ ಬಿಡುತ್ತಿದ್ದವು.

ಎಲ್ಲರೂ ಟೀಗೆ ಹೋದಾಗ ನಾಗೇಂದ್ರನ ಮುಂದೆ ಹೋಗಿ ನಿಂತಳು. “ಸಾ, ಮೋಟ್ರುದಲ್ಲ ತಪ್ಪು. ನಂದು.” ಎಣ್ಣೆಯ ವಿಷಯ ಹೇಳಿ ತುಂಡು ತೋರಿಸಿದಳು. ರಾಣಿಯ ಹೆಸರು ತೆಗೆಯಲಿಲ್ಲ.

ನಾಗೇಂದ್ರ ಬಾಗಿಲ ಕಡೆ ನೋಡಿದ. “ಯಾರಿಗೂ ಹೇಳಿಲ್ಲ ತಾನೆ?”

“ನಿಮ್ಗೇ ಮೊದ್ಲು ಯೋಳ್ತಾ ಇರಾದು.”

“ನನಗೇ ಕೊನೇನೂ ಆಗ್ಲಿ. ನೋಡಿ, ಎಂಟು ಜನದ ಅನ್ನ ಇದೆ ಇಲ್ಲಿ. ಸರ್ವಿಸ್ ಅಂತ ನೆಪ ಹೇಳಿ ಒಂದೊಂದೇ ವಾಪಸ್ ತರಿಸಿ ಬದಲಾಯಿಸ್ತೀನಿ. ಒಂದು ತಿಂಗಳು ಟೈಮ್ ಕೊಡಿ.”

“ಬರೋ ಬಾನ್ವಾರ ಓಡುಸ್ತರಂತಲ್ಲ ಸಾ ಇಬ್ರು?”

ನಾಗೇಂದ್ರ ಫೋನು ನೋಡತೊಡಗಿದ. ಅದರಲ್ಲಿ ಏನೂ ಬಂದಿರಲಿಲ್ಲ.

ಅನ್ನದ ಮಾತು ಸುಳ್ಳಲ್ಲ. ಮಂಚಮ್ಮನಿಗೂ ಬೇರೆ ಅನ್ನವಿರಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಭಾನುವಾರ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಅವಳು ಹತ್ತಿದ ಬಸ್ಸು ತಾಂಡವಪುರ ದಾಟಿತು. ಅವಳು ಇಳಿಯಲಿಲ್ಲ. ಮೈಸೂರಿನಲ್ಲಿ ಇಳಿದು, ಅವರಿವರನ್ನು ಕೇಳಿ, ಚಂದ್ರಶೇಖರರ ಕ್ಲಿನಿಕ್ ಹುಡುಕಿಕೊಂಡು ಹೋಗಿ ಸಾಲಿನಲ್ಲಿ ಕೂತಳು.

“ಯಾವ ಹಲ್ಲು ನೋವು?” ಎಂದಳು ಚೀಟಿ ಬರೆಯುವವಳು.

“ಅಲ್ಲೆಲ್ಲಾ ಸರಿಯಾಗವೆ ಕಣವ್ವ. ಡಾಕ್ಟ್ರು ಕಾರಿನ್ ಇಸ್ಯ.”

“ಅವರು ಕಾರು ಮಾರಲ್ಲಮ್ಮ.”

“ನಾನೂ ಕೊಳಾಕ್ ಬಂದಿಲ್ಲ ಬುಡವ್ವ.”

ಡಾಕ್ಟರಿಗೆ ಅವಳ ಗುರುತು ಸಿಗಲಿಲ್ಲ. ಹಿಂದಿನ ದಿನ ಅವಳು ಮೂರು ಅಡಿ ದೂರದಲ್ಲಿ ನಿಂತಿದ್ದಳು.

“ನಿಮ್ ಕಾರಿನ್ ರೆಕ್ಕೆ ಮಾಡಿದ್ದು ನಾನು ಸಾ” ಎಂದಳು ಮಂಚಮ್ಮ.

“ನೀವಾ? ಯಾವುದೋ ಮೆಷಿನ್ನಲ್ಲಿ ಮಾಡ್ತಾರೆ ಅನ್ಕೊಂಡಿದ್ದೆ.”

“ನಮ್ ಶೆಡ್ಡಲ್ಲಿ ಮಿಷನ್ನು ಅಂದ್ರೆ ಕೊರೆಯಾದೊಂದು, ಗಾಳಿ ಎಳೆಯಾದೊಂದು. ಮಿಕ್ಕಿದ್ದೆಲ್ಲಾ ಕೈಯೇಯ.”

ಆಮೇಲೆ ಎಲ್ಲ ಹೇಳಿದಳು. ಕ್ಷಮೆ ಕೇಳುವ ದನಿಯಲ್ಲಲ್ಲ; ದಾರಿ ತಪ್ಪಿದವರಿಗೆ ದಾರಿ ಹೇಳುವ ದನಿಯಲ್ಲಿ. ಡಾಕ್ಟರು ಕೇಳುತ್ತ ಕೇಳುತ್ತ, “ಗ್ಲೌಸ್ ಹಾಕ್ಕೊಳ್ಳೋದಲ್ವಾ?” ಎಂದು ಬೈಯುವವರಂತೆ ಕೈ ಎತ್ತಿದರು. ಎತ್ತಿದ ಕೈಯಲ್ಲಿ ನೀಲಿ ಗ್ಲೌಸು ಇತ್ತು. ಅದನ್ನೇ ನೋಡಿ, ಕಳಚಿ, ಫೋನು ಎತ್ತಿಕೊಂಡರು.

“ಏಳು ಅಂದ್ರಲ್ಲ. ಯಾವು ಅಂತ ಹೇಗೆ ಗೊತ್ತಾಗುತ್ತೆ?”

“ರೆಕ್ಕೆ ಎಡಗಡೆ ತುದೀಲಿ ನಿಂತಿರಾ ಪಟ್ಟಿ ಒಳ್ಗಡೆ ಬಿಳಿ ಪೆನ್ಸಿಲ್ಲಲ್ಲಿ ನಂಬರ್ ಬರ್ದಿರ್‍ತೀನಿ. ಐವತ್ತೆರಡ್ರಿಂದ ಐವತ್ತೆಂಟು. ನಿಮ್ದು ಐವತ್ನಾಕು.”

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿ ಅರ್ಧ ಗಂಟೆ ಹಾಗೇ ಮಲಗಿರಬೇಕಾಯಿತು. ಡಾಕ್ಟರು ಗೆಳೆಯರಿಗೆ ಹೇಳಿದರು, ಗೆಳೆಯರು ತಮ್ಮ ಗೆಳೆಯರಿಗೆ ಹೇಳಿದರು. ಶನಿವಾರ ಸಂಜೆಯ ಹೊತ್ತಿಗೆ ನಾಲ್ಕು ರೆಕ್ಕೆ ಸಿಕ್ಕವು: ಐವತ್ತೆರಡು, ಐವತ್ಮೂರು, ಐವತ್ತಾರು, ಐವತ್ತೇಳು. ಭಾನುವಾರ ಓಡಬೇಕಿದ್ದ ಎರಡೂ ಅದರಲ್ಲಿದ್ದವು. ಒಂದನ್ನು ಬಿಚ್ಚುವಾಗ ಮೇಲಿನ ಪದರ ಕೈಯಲ್ಲೇ ಎದ್ದು ಬಂತಂತೆ. ಅದರ ಯಜಮಾನ ಮಂಚಮ್ಮನಿಗೆ ಫೋನು ಮಾಡಿದ. “ಊಟ ಆಯ್ತಾ ಅಮ್ಮ?” ಎಂದು ಕೇಳಿ ಇಟ್ಟ.

ಸೋಮವಾರ ನಾಗೇಂದ್ರನೂ ಫೋನು ಮಾಡಿದ. “ಸದ್ಯಕ್ಕೆ ಬರಬೇಡಿ” ಎಂದ. ಆ ಸದ್ಯ ಇವತ್ತಿಗೂ ಮುಗಿದಿಲ್ಲ. ಶೆಡ್ಡು ಮುಚ್ಚಲಿಲ್ಲ, ಎಂಟು ಜನದ ಅನ್ನದಲ್ಲಿ ಹೋದದ್ದು ಒಬ್ಬಳದು. ಮಂಚಮ್ಮ ಈಗ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಾಳೆ. ಅದನ್ನು ಅನ್ಯಾಯವೆಂದು ಅವಳು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ರಾಣಿ ಮನೆಗೆ ಬಂದು ಅತ್ತಾಗಲೂ, “ನೀನ್ಯಾಕಳ್ತೀಯೆ ಕೂಸೆ, ಎಣ್ಣೆ ತಂದೋಳು ನಾನು” ಎಂದಷ್ಟೇ ಹೇಳಿ ಮಜ್ಜಿಗೆ ಕೊಟ್ಟು ಕಳಿಸಿದಳು.

ಅವಳ ನಿದ್ದೆ ಕೆಡಿಸಿರುವುದು ಕೆಲಸವಲ್ಲ. ಐವತ್ತೈದು ಮತ್ತು ಐವತ್ತೆಂಟು. ಒಂದನ್ನು ಕೊಂಡವನು ಕಾರನ್ನೇ ಮಾರಿದ್ದಾನೆ. ಕಾರು ಕೊಂಡವನ ಫೋನ್ ನಂಬರು ಅವನ ಬಳಿ ಇಲ್ಲ. ಇನ್ನೊಂದು ಕೊಯಮತ್ತೂರಿನ ದಲ್ಲಾಳಿಯೊಬ್ಬನ ಕೈಗೆ ಹೋದದ್ದು, ಅಲ್ಲಿಂದ ಮುಂದೆ ಗೊತ್ತಿಲ್ಲ. ನಾಗೇಂದ್ರ ಪೇಪರಿಗೆ ಪ್ರಕಟಣೆ ಕೊಡುವುದಿಲ್ಲ, ಶೆಡ್ಡಿನ ಹೆಸರು ಕೆಡುತ್ತದಂತೆ. ಭಾನುವಾರ ಬಂತೆಂದರೆ ಮಂಚಮ್ಮ ಡಾಕ್ಟರಿಗೆ ಫೋನು ಮಾಡುತ್ತಾಳೆ. “ಇಲ್ಲಮ್ಮ, ಇನ್ನೂ ಸಿಕ್ಕಿಲ್ಲ” ಎನ್ನುತ್ತಾರೆ ಅವರು.

ಇದನ್ನು ಓದುತ್ತಿರುವ ನೀವು ಅಂಥ ಕಾರು ಇಟ್ಟಿರಬಹುದು, ಇಲ್ಲವೆ ಇಟ್ಟವರನ್ನು ಬಲ್ಲಿರಬಹುದು. ಎದ್ದು ಹೋಗಿ ಡಿಕ್ಕಿಯ ಹತ್ತಿರ ಬಗ್ಗಿ, ರೆಕ್ಕೆಯ ಎಡಪಟ್ಟಿಯ ಒಳಬದಿ ನೋಡಿ. ಬಿಳಿ ಪೆನ್ಸಿಲಿನಲ್ಲಿ ಆ ಎರಡರಲ್ಲಿ ಒಂದು ನಂಬರು ಕಂಡರೆ ಕಾರನ್ನು ಒಂದು ಗೇಣೂ ಓಡಿಸಬೇಡಿ. ಇವತ್ತೇ ಬಿಚ್ಚಿ ಇಳಿಸಿ.