ಹಕಾರಕ್ಕೊಂದು ಬಸ್ ಪಾಸು

ಬೆಳಿಗ್ಗೆ ಮನೆ ಬಿಡುವಾಗ ನನ್ನ ಬಾಯಲ್ಲಿ ಹಕಾರ ಇರುವುದಿಲ್ಲ. ಹಳೇಕೋಟೆ ಕಡೆಯ ನಮ್ಮೂರಿನಲ್ಲಿ ಬಸ್ಸು ಹತ್ತಿ, ಮೊಸಳೆ ಎಂಬ ಊರು ದಾಟಿ, ಹಾಸನದ ಮೊದಲ ಪೆಟ್ರೋಲ್ ಬಂಕು ಕಾಣುವಷ್ಟರಲ್ಲಿ ಅದು ಎಲ್ಲಿಂದಲೋ ಬಂದು ನಾಲಿಗೆಯ ಮೇಲೆ ಕೂತಿರುತ್ತದೆ. ಸಂಜೆ ಹಿಂದಿರುಗುವಾಗ ಸುಮಾರು ಅಲ್ಲೇ ಇಳಿದುಹೋಗುತ್ತದೆ. ವರ್ಷಗಟ್ಟಲೆಯಿಂದ ಹೀಗೆ ಟಿಕೆಟ್ಟಿಲ್ಲದೆ ಓಡಾಡುತ್ತಿದ್ದರೂ ಯಾವ ಚೆಕಿಂಗಿನವರೂ ಅದನ್ನು ಹಿಡಿದಿಲ್ಲ.

ನಾನು ಹಾಸನದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಊರಿನಲ್ಲಿ ಇದೇ ಮಾತನ್ನು ಹೇಳುವಾಗ ‘ಆಸನದ ಕಾಲೇಜು’ ಎನ್ನುತ್ತೇನೆ. ಒಮ್ಮೆ ಬಾಯಿತಪ್ಪಿ ‘ಹಾಸನ’ ಎಂದುಬಿಟ್ಟಾಗ ನಮ್ಮತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮೈಯಲ್ಲಿ ನೆಟ್ಟಗಿಲ್ಲವಾ ಎಂದು ವಿಚಾರಿಸಿದ್ದರು. ಅತ್ತ ಸ್ಟಾಫ್ ರೂಮಿನಲ್ಲಿ ‘ಆಸನ’ ಎಂದರೆ, ಯಾವ ಆಸನ ಮೇಡಂ, ಪದ್ಮಾಸನವೋ ಶವಾಸನವೋ ಎಂದು ಕೇಳುವವರಿದ್ದಾರೆ. ಮೊಸಳೆಯಲ್ಲಿ ಶಿವನಿಗೊಂದು ವಿಷ್ಣುವಿಗೊಂದು ಅಂತ ಅಕ್ಕಪಕ್ಕದಲ್ಲೇ ಅವಳಿ ಗುಡಿಗಳಿವೆ. ನೋಡಲು ಎರಡೂ ಒಂದೇ ಥರ, ಒಳಗಿರುವ ದೇವರು ಮಾತ್ರ ಬೇರೆ. ನನ್ನದೂ ಅದೇ ಕಥೆ. ಸೀರೆ ಅದೇ, ಬ್ಯಾಗು ಅದೇ, ಒಳಗೆ ಮಾತಾಡುವವಳು ಬೇರೆ.

ಪಾಂಡಿತ್ಯದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಳಗನ್ನಡದವರು ‘ಪಾಲ್’ ಎಂದರು. ನಡುವಿನವರು ಆ ಪಕಾರವನ್ನು ಸವೆಸಿ ‘ಹಾಲು’ ಮಾಡಿದರು. ಉಳಿದಿದ್ದ ಹಕಾರವನ್ನೂ ನಮ್ಮವರು ಸವೆಸಿ ‘ಆಲು’ ಮಾಡಿ ಕೆಲಸ ಮುಗಿಸಿದರು. ಅಂದರೆ ಭಾಷೆಯ ದಾರಿಯಲ್ಲಿ ನಾವು ಹಿಂದುಳಿದವರಲ್ಲ, ಒಂದು ಸ್ಟಾಪು ಮುಂದೆ ಹೋಗಿ ಕೂತಿರುವವರು. ಈ ವಾದವನ್ನು ಒಮ್ಮೆ ತರಗತಿಯಲ್ಲಿ ಬಹಳ ಗಂಭೀರವಾಗಿ ಮಂಡಿಸಿದೆ. ಮಕ್ಕಳಿಗೆ ಖುಷಿಯಾಯಿತು. ಪರೀಕ್ಷೆಯಲ್ಲಿ ಕೆಲವರು ಅದೇ ಧೈರ್ಯದ ಮೇಲೆ ‘ಊವು’ ಎಂದು ಬರೆದಾಗ ಮಾರ್ಕು ಕಳೆದವಳೂ ನಾನೇ.

ಇನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಪದ್ಯದ ಸಾಲೊಂದನ್ನು ಓದಿ, ಮಕ್ಕಳೂ ನನ್ನ ಹಿಂದೆ ಹೇಳಲಿ ಎಂದು, ‘ಎಲ್ಲಾರೂ ಒಟ್ಟಿಗೆ ಏಳಿ’ ಎಂದೆ. ಇಡೀ ತರಗತಿ ಬೆಂಚು ಸರಿಸಿ ಎದ್ದು ನಿಂತಿತು. ನಮ್ಮ ಕಡೆ ‘ಹೇಳಿ’ ಅನ್ನುವುದೂ ‘ಏಳಿ’ಯೇ, ಎದ್ದೇಳಿ ಅನ್ನುವುದೂ ‘ಏಳಿ’ಯೇ. ಯಾವುದು ಯಾವಾಗ ಎಂದು ನಮಗೆ ನಮಗೇ ಗೊತ್ತಾಗುತ್ತದೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅಂದಿನಿಂದ ಹಾಸನದ ಗಡಿಯೊಳಗೆ ನಾನು ಹಕಾರವನ್ನು ಸೆರಗಿನ ಪಿನ್ನಿನ ಹಾಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ.

ಹಾಗಾದರೆ ನಿಜವಾಗಿ ನಾನು ಯಾರು ಎಂದು ನೀವು ಕೇಳಬಹುದು. ನನಗೂ ಆಗಾಗ ಈ ಪ್ರಶ್ನೆ ಬರುತ್ತದೆ, ಬಂದಾಗಲೆಲ್ಲ ಬಸ್ಸಿನಲ್ಲಿ ಕೂತಿರುತ್ತೇನೆ. ಅಲ್ಲಿ ನಾನು ಮನೆಯ ಸೊಸೆಯೂ ಅಲ್ಲ, ಕಾಲೇಜಿನ ಮೇಡಮ್ಮೂ ಅಲ್ಲ, ಎಂಟೂಕಾಲಿನವಳು. ನಮ್ಮೂರಿಗೆ ಎಂಟೂಕಾಲಿಗೆ ಬರುವ ಬಸ್ಸಿಗೆ ಹತ್ತುವವರಿಗೆಲ್ಲ ಸುತ್ತಮುತ್ತ ಅದೇ ಹೆಸರು. ಈ ಕುಲಕ್ಕೆ ಬರೆದಿಟ್ಟ ಕಾನೂನು ಯಾವುದೂ ಇಲ್ಲ, ಆದರೆ ಮೀರುವ ಧೈರ್ಯ ಯಾರಿಗೂ ಇಲ್ಲ. ಕಿಟಕಿಯಿಂದ ಒಳಕ್ಕೆ ಬಿದ್ದ ಟವೆಲ್ಲಿಗೆ ಸೀಟು ಸೇರಿದ್ದು. ನಿಂತವರ ಚೀಲ ಕೂತವರ ತೊಡೆಗೆ ಸೇರಿದ್ದು. ಯಾರಾದರೂ ಒಂದು ದಿನ ಬರದಿದ್ದರೆ ಮಾರನೆಯ ದಿನ ಕಾರಣ ಹೇಳಿಯೇ ಕೂರಬೇಕು.

ಈ ಬಸ್ಸು ಮನುಷ್ಯರನ್ನು ಏನು ಮಾಡುತ್ತದೆ ಎನ್ನುವುದಕ್ಕೆ ರಂಗಣ್ಣನನ್ನು ನೋಡಬೇಕು. ಅವನು ಹಾಸನದ ಮಾರ್ಕೆಟ್ಟಿನಲ್ಲಿ ಬಿತ್ತನೆ ಆಲೂಗಡ್ಡೆ ವ್ಯಾಪಾರ ಮಾಡುವವನು. ಮಂಡಿಯಲ್ಲಿ ಅವನ ಗಂಟಲು ಬೀದಿಯ ಆ ತುದಿಗೆ ಕೇಳುತ್ತದೆ, ಮನೆಯಲ್ಲಿ ಅವನ ಚಪ್ಪಲಿ ಸದ್ದಿಗೇ ಮಕ್ಕಳು ಪುಸ್ತಕ ತೆರೆಯುತ್ತಾರಂತೆ. ಅಂಥವನು ಬಸ್ಸಿನಲ್ಲಿ ಕಡ್ಲೆಕಾಯಿ ಸುಲಿದು ಸಿಪ್ಪೆಯನ್ನು ತನ್ನ ಜೇಬಿಗೇ ತುಂಬಿಕೊಳ್ಳುತ್ತಾನೆ. ಕಾರಣ ಲಕ್ಷ್ಮಕ್ಕ. ಚನ್ರಾಯಪಟ್ಣದ ಹೆಣ್ಣು, ನಮ್ಮ ಪಕ್ಕದೂರಿನ ಸೊಸೆ, ಹಾಸನದ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಸೂಜಿ ಹಿಡಿದು ಹಿಡಿದು ಅವಳ ಕಣ್ಣಿಗೂ ಆ ಮೊನಚು ಬಂದಿದೆ. ಒಂದು ಸಾರಿ ಸಿಪ್ಪೆ ಕೆಳಗೆ ಬಿದ್ದಾಗ ಅವಳು ಸುಮ್ಮನೆ ನೋಡಿದಳು ಅಷ್ಟೆ, ರಂಗಣ್ಣ ಬಗ್ಗಿ ಆಯ್ದುಕೊಂಡ. ಅವನ ಹೆಂಡತಿಗೆ ಇದನ್ನು ಹೇಳಿದರೆ ನಂಬಲಿಲ್ಲ, ಅದು ಬೇರೆ ಯಾರೋ ರಂಗಣ್ಣ ಇರಬೇಕು ಎಂದಳು.

ಇಂಥ ನಮ್ಮ ಎಂಟೂಕಾಲು ಒಂದು ಸೋಮವಾರ ಬರಲಿಲ್ಲ. ಕೆಟ್ಟಿರಬೇಕು ಎಂದುಕೊಂಡೆವು. ಮಂಗಳವಾರವೂ ಬರಲಿಲ್ಲ. ವಿಚಾರಿಸಿದರೆ ಆ ಗಾಡಿಯನ್ನು ಬೇರೆ ರೂಟಿಗೆ ಹಾಕಿದ್ದಾರೆ, ಇನ್ನು ಮೇಲೆ ಒಂಬತ್ತೂವರೆಯದೇ ಮೊದಲ ಬಸ್ಸು ಎಂದು ಗೊತ್ತಾಯಿತು. ನನಗೆ ಮೊದಲ ಪೀರಿಯಡ್ಡು ಹೋಗುತ್ತದೆ, ಅದನ್ನು ಮಕ್ಕಳು ಕ್ಷಮಿಸುತ್ತಾರೆ, ಸಂತೋಷಪಡುತ್ತಾರೆ ಕೂಡ. ರಂಗಣ್ಣ ಬೈಕು ಎಳೆದುಕೊಂಡು ಹೋಗಬಲ್ಲ. ಆದರೆ ಲಕ್ಷ್ಮಕ್ಕನ ಲ್ಯಾಬಿಗೆ ಜನ ಖಾಲಿ ಹೊಟ್ಟೆಯಲ್ಲಿ ಬಂದು ತೋಳು ಮಡಚಿ ಕಾಯುತ್ತಿರುತ್ತಾರೆ. ಈ ತಿಂಗಳು ಹೇಗೋ ಸುಧಾರಿಸುತ್ತೇವೆ, ಒಂದನೇ ತಾರೀಕಿನಿಂದ ಹೊತ್ತಿಗೆ ಸರಿಯಾಗಿ ಬರಲಾಗದಿದ್ದರೆ ಬರುವುದೇ ಬೇಡ ಎಂದು ಲ್ಯಾಬಿನವರು ಅವಳಿಗೆ ಹೇಳಿದರು. ದಿನಾ ಆಟೋಗೆ ಕೊಟ್ಟರೆ ಸಂಬಳದಲ್ಲಿ ಉಳಿಯುವುದೇನು. ಅವಳು ಅತ್ತಿದ್ದನ್ನು ನಾವು ಅದುವರೆಗೆ ನೋಡಿರಲಿಲ್ಲ. ಅವತ್ತೂ ಅಳಲಿಲ್ಲ, ಕೈಚೀಲದ ಜಿಪ್ಪನ್ನು ಎಳೆಯುತ್ತ ಹಾಕುತ್ತ ಕೂತಿದ್ದಳು. ಅದನ್ನು ನೋಡುವುದಕ್ಕಿಂತ ಅತ್ತಿದ್ದರೇ ಚೆನ್ನಾಗಿತ್ತು.

ಹಾಸನದಲ್ಲಿ ಸಾರಿಗೆ ಸಂಸ್ಥೆಯ ಅಧಿಕಾರಿಯನ್ನು ಕಾಣುವುದೆಂದು ತೀರ್ಮಾನವಾಯಿತು. ಮಾತಾಡುವವಳು ನಾನೇ ಎಂದೂ ತೀರ್ಮಾನವಾಯಿತು, ಯಾಕೆಂದರೆ ನನಗೆ ಶುದ್ಧ ಕನ್ನಡ ಬರುತ್ತದೆ ಎಂಬ ಸುದ್ದಿ ಬಸ್ಸಿನ ತುಂಬ ಹರಡಿತ್ತು. ಹೊರಗೆ ಬೆಂಚಿನ ಮೇಲೆ ಕಾಯುವಾಗ ನೋಡಿದರೆ ರಂಗಣ್ಣನೂ ಲಕ್ಷ್ಮಕ್ಕನೂ ತುಟಿಯೊಳಗೇ ಏನೋ ಅಭ್ಯಾಸ ಮಾಡುತ್ತಿದ್ದರು. ಆಫೀಸಿನ ಮುಂದೆ ನಮ್ಮ ಭಾಷೆ ಸಾಲದು ಎಂದು ಇಬ್ಬರೂ ಹಕಾರಗಳನ್ನು ಹೊಂದಿಸಿಕೊಳ್ಳುತ್ತಿದ್ದರು. ಹಕಾರ ಸಾಲ ತಂದವರು ಅದನ್ನು ಎಲ್ಲಿ ಖರ್ಚು ಮಾಡುತ್ತಾರೋ ಹೇಳಲಾಗುವುದಿಲ್ಲ.

ಒಳಗೆ ಹೋದೆವು. ಕೂರಿಸಿದರು. ಸಾಹೇಬರು ಸಣ್ಣ ಮೀಸೆಯ, ಇಸ್ತ್ರಿಯ ಗೆರೆ ಮುರಿಯದ ಮನುಷ್ಯ. ನಾನು ‘ಮಾನ್ಯರೇ, ಸದರಿ ಮಾರ್ಗದಲ್ಲಿ’ ಎಂದು ಶುರುಮಾಡಿ, ಉಸಿರು ತೆಗೆದುಕೊಳ್ಳುವ ಜಾಗಗಳನ್ನೆಲ್ಲ ಬಿಟ್ಟುಬಿಟ್ಟು ಬಹಳ ಚೆನ್ನಾಗಿ ಮಾತಾಡಿದೆ. ಅವರೂ ಅಷ್ಟೇ ಚೆನ್ನಾಗಿ, ವಾಹನಗಳ ಕೊರತೆಯಿಂದ ಹಾಗಾಗಿದೆ, ಮನವಿಯನ್ನು ಪರಿಶೀಲಿಸಲಾಗುವುದು ಎಂದರು. ಶುದ್ಧ ಕನ್ನಡಕ್ಕೆ ಶುದ್ಧ ಕನ್ನಡ ಸಿಕ್ಕಿತು, ಬಸ್ಸು ಸಿಗಲಿಲ್ಲ. ರಂಗಣ್ಣ ತಡೆಯಲಾರದೆ, ಬೆಳಿಗ್ಗೆ ತನ್ನ ‘ಹಾಲೂಗಡ್ಡೆ’ ಮಾರ್ಕೆಟ್ಟಿಗೆ ಬರುವುದು ತಡವಾಗುತ್ತದೆ ಎಂದು ವಿನಂತಿಸಿಕೊಂಡ. ಆಲೂಗಡ್ಡೆಗೆ ಹಕಾರ ಬಿದ್ದಿತ್ತು. ನಾನು ನೆಲ ನೋಡಿದೆ. ಹಿಂದೆಯೇ ಲಕ್ಷ್ಮಕ್ಕ ಸೆರಗು ಸರಿಮಾಡಿಕೊಂಡು ತನ್ನದನ್ನು ತೆಗೆದಳು.

‘ಸರ್, ಹೊಂದನೇ ತಾರೀಕಿಂದ ನಾನು ಹಾಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಹೋಗದಿದ್ರೆ ಕೆಲಸ ಹಿರಲ್ಲ ಸರ್.’

ಅವಳ ಜೀವನದಲ್ಲೇ ಅಷ್ಟು ಹಕಾರ ಒಟ್ಟಿಗೆ ಬಂದಿರಲಿಕ್ಕಿಲ್ಲ. ಸಾಹೇಬರು ಕಾಗದದಿಂದ ತಲೆಯೆತ್ತಿ ಅವಳನ್ನೇ ನೋಡಿದರು. ಮೀಸೆಯ ಕೆಳಗೆ ಏನೋ ಅಲುಗಾಡಿತು. ಆಮೇಲೆ ಮೆಲ್ಲಗೆ ಒಂದೇ ಮಾತು ಹೇಳಿದರು, ‘ಏಳಿ.’

ಮುಗಿಯಿತು. ಎದ್ದೆವು. ಇಷ್ಟು ವರ್ಷ ಕನ್ನಡ ಕಲಿಸಿದವಳು ಎಲ್ಲರಿಗಿಂತ ಮೊದಲು ಎದ್ದೆ. ರಂಗಣ್ಣ ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿಟ್ಟ. ಲಕ್ಷ್ಮಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿಲಿನ ಹತ್ತಿರ ಹೋಗಿದ್ದೆವು, ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು. ಸಾಹೇಬರೂ ಎದ್ದು ನಿಂತಿದ್ದರು.

‘ಎಲ್ಲಿಗ್ ಒಂಟ್ರಿ? ನಾನು ಏಳಿ ಅಂದಿದ್ದು ಎದ್ದೋಗಿ ಅಂತಲ್ಲ ಕಣ್ರವ್ವ. ಏನಾಗದೆ ಸರಿಯಾಗ್ ಏಳಿ ಅಂತ ಅಂದೆ. ಬನ್ನಿ, ಕುಂತ್ಕಳಿ.’

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗುವುದೋ ಕೂರುವುದೋ ತಿಳಿಯಲಿಲ್ಲ. ಮೊದಲು ನಕ್ಕವರು ಅವರೇ. ಅವರೂ ನಮ್ಮ ಕಡೆಯವರೇ, ಕೊಣನೂರಂತೆ. ಅರಕಲಗೂಡಿನ ಹೈಸ್ಕೂಲಿನಲ್ಲಿ ಓದುವಾಗ ಹಕಾರಕ್ಕಾಗಿ ಪೆಟ್ಟು ತಿಂದು, ಆಮೇಲೆ ಹೆದರಿಕೆಗೆ ಸಿಕ್ಕಸಿಕ್ಕಲ್ಲಿ ಹಾಕಿ, ‘ಹಕ್ಕಿ ರೊಟ್ಟಿ’ ಬೇಕೆಂದು ಹಾಸ್ಟೆಲಿನಲ್ಲಿ ಕೇಳಿ ಮರ್ಯಾದೆ ಕಳೆದುಕೊಂಡವರು. ಹುಟ್ಟಿನಿಂದ ಹಕಾರ ಇದ್ದವರು ಎಂದೂ ‘ಹಾಸ್ಪತ್ರೆ’ ಎನ್ನುವುದಿಲ್ಲ, ಇಲ್ಲದೆ ಬೆಳೆದು ಹೆದರಿದವರು ಮಾತ್ರ ಅನ್ನುತ್ತಾರೆ. ಆ ಒಂದು ತಪ್ಪು ನಮ್ಮ ಊರು, ಹೋಬಳಿ, ಭಯ ಎಲ್ಲವನ್ನೂ ಅವರಿಗೆ ಹೇಳಿಬಿಟ್ಟಿತ್ತು. ನನ್ನ ಚೊಕ್ಕ ಭಾಷಣ ಏನೊಂದನ್ನೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಮಾತು ಹೇಗೆ ಹರಿಯಿತು ಎಂದರೆ ಯಾವ ‘ಸದರಿ’ಗೂ ಜಾಗವಿರಲಿಲ್ಲ. ಎಲ್ಲಿ ಎಷ್ಟು ಜನ ಹತ್ತುತ್ತಾರೆ, ಯಾರು ಯಾವ ಕೆಲಸಕ್ಕೆ ಹೋಗುತ್ತಾರೆ, ಹೊಳೆನರಸೀಪುರದಲ್ಲಿ ರಾತ್ರಿ ತಂಗುವ ಗಾಡಿ ಬೆಳಿಗ್ಗೆ ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತದೆ, ಎಲ್ಲ ಕೇಳಿದರು. ನಾನೂ ಬಾಯಿಬಿಟ್ಟೆ. ಹಾಸನದ ನಟ್ಟನಡುವೆ, ಹಗಲಿನ ಹೊತ್ತಿನಲ್ಲಿ, ಸರ್ಕಾರಿ ಫ್ಯಾನಿನ ಕೆಳಗೆ ಕೂತು ‘ಅಂಗಲ್ಲ ಸಾ, ಇಂಗೆ’ ಎಂದು ವಾದ ಮಾಡಿದೆ. ಎಂಥಾ ಸುಖ ಅಂತೀರಿ. ಬಿಗಿಯಾದ ಬಳೆ ಕಳಚಿಟ್ಟ ಹಾಗೆ. ನಿಂತಿರುವ ಗಾಡಿಯನ್ನೇ ಬೇಗ ಹೊರಡಿಸಿದರೆ ಯಾರ ರೂಟಿಗೂ ತೊಂದರೆ ಇಲ್ಲ ಎಂದು ಕೊನೆಗೆ ಅವರಿಗೇ ಹೊಳೆಯಿತು. ಸೋಮವಾರದಿಂದ ಬತ್ತದೆ, ಓಗಿ ಎಂದರು. ಲಕ್ಷ್ಮಕ್ಕ ಕೈಮುಗಿಯಲು ಹೋದಳು. ಅದೆಲ್ಲ ಬೇಡ ಎಂದು ಟೀ ತರಿಸಿದರು.

ಗೆದ್ದ ಖುಷಿಯಲ್ಲೂ ಒಂದು ಮಾತು ನನ್ನನ್ನು ಚುಚ್ಚಿತು. ಸಾಹೇಬರು ಕೊಣನೂರಿನವರಾಗಿರದಿದ್ದರೆ? ನಾವು ಮೂವರೂ ಹಕಾರ ಚೆನ್ನಾಗಿ ಕಲಿತವರಾಗಿದ್ದರೆ? ನಮ್ಮವರು ಎಂಬುದು ಬೆಚ್ಚಗಿನ ಕಂಬಳಿ ನಿಜ, ಆದರೆ ಹೊರಗೆ ಉಳಿದವರಿಗೆ ಚಳಿ ಚಳಿಯೇ. ನಾನು ಇದನ್ನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದಾಗ ಲಕ್ಷ್ಮಕ್ಕ ಸ್ವಲ್ಪ ಯೋಚಿಸಿ, ‘ಅದುಕ್ಕೇನಕ್ಕ, ಬಂದೋರ್ನೆಲ್ಲ ನಮ್ಮೋರ್ ಮಾಡ್ಕಂಡ್ರಾಯ್ತು’ ಎಂದಳು. ಇದಕ್ಕಿಂತ ದೊಡ್ಡ ಉತ್ತರ ನನಗೆ ಹೊಳೆಯಲಿಲ್ಲ, ಆದ್ದರಿಂದ ಒಪ್ಪಿಕೊಂಡೆ.

ಸೋಮವಾರ ಬಸ್ಸು ಬಂತು. ರಂಗಣ್ಣ ಮುಂದಿನ ಗಾಜಿಗೆ ಸೇವಂತಿಗೆ ಹಾರ ಕಟ್ಟಿದ. ಟವೆಲ್ಲುಗಳು ಕಿಟಕಿಯಿಂದ ಹಾರಿದವು. ಲಕ್ಷ್ಮಕ್ಕ ಒಂದನೇ ತಾರೀಕು ಲ್ಯಾಬಿನ ಬಾಗಿಲು ತೆಗೆಯುವವರಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಿದ್ದಳಂತೆ. ಬಸ್ಸಿನ ಜೊತೆ ಒಬ್ಬ ಹೊಸ ಕಂಡಕ್ಟರೂ ಬಂದಿದ್ದ. ವಿಜಯಪುರದ ಕಡೆಯ ಹುಡುಗ, ಮಲ್ಲಪ್ಪ. ಮೊದಲ ದಿನ ಅವನು ‘ಹಳೇಕೋಟಿ ಇಳಿಯಾವ್ರು ಯಾರದೀರ್ರೀ’ ಎಂದು ಗಟ್ಟಿಯಾಗಿ ಕೂಗಿದಾಗ ಇಡೀ ಬಸ್ಸು ಅವನ ಹಕಾರವನ್ನು ತಿರುಗಿ ನೋಡಿತು. ನಮ್ಮ ಮಾತು ಅರ್ಥವಾಗದೆ ಅವನು ಪಟ್ಟ ಪಾಡು ದೇವರಿಗೇ ಪ್ರೀತಿ. ಲಕ್ಷ್ಮಕ್ಕ ಅವನಿಗೆ ದಿನಾ ಡಬ್ಬಿಯಿಂದ ತಿಂಡಿ ಕೊಡತೊಡಗಿದಳು. ರಂಗಣ್ಣ ಕಡ್ಲೆಕಾಯಿಯಲ್ಲಿ ಪಾಲು ಕೊಟ್ಟ. ನಾನು ಅವನಿಗೆ ಏನೂ ಕಲಿಸಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಮೊನ್ನೆ ಬಸ್ಸು ಮೊಸಳೆ ದಾಟುತ್ತಿದ್ದಾಗ ಅವನಿಗೆ ಊರಿನಿಂದ ಅವನ ತಾಯಿಯ ಫೋನು ಬಂತು. ಕಿವಿ ಸ್ವಲ್ಪ ಮಂದವಿರಬೇಕು, ಆಕೆಯ ದನಿ ಹಿಂದಿನ ಸೀಟಿಗೂ ಕೇಳುತ್ತಿತ್ತು. ಊಟ ಆಯಿತೇ ಎಂದರು, ಮಳೆ ಬಂತೇ ಎಂದರು. ಅವನು ಏನೇನೋ ಹೇಳುತ್ತಿದ್ದ. ಇದ್ದಕ್ಕಿದ್ದಂತೆ ಆಕೆ ಮಾತು ನಿಲ್ಲಿಸಿ, ‘ಯಾಕೋ ತಮ್ಮಾ, ನಿನ್ನ ನಾಲಿಗಿಗಿ ಏನಾಗೇತಿ?’ ಎಂದು ಗಾಬರಿಯಿಂದ ಕೇಳಿದರು. ಮಲ್ಲಪ್ಪ ಟಿಕೆಟ್ ಮಿಷನ್ನನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸಮಾಧಾನವಾಗಿ ತಾಯಿಗೆ ಉತ್ತರ ಕೊಟ್ಟ.

‘ಏನೂ ಆಗಿಲ್ಲ ಕಣವ್ವ. ಇಲ್ಲಿ ನಾವೆಲ್ಲಾ ಇಂಗೇಯ.’